ನಡುಗುವ ಕೈಗೊಂದು ಬಟನ್: ಪಾರ್ಕಿನ್ಸನ್ ಇರುವ ಮನೆಯ ವೈರಿಂಗ್

ಅಪ್ಪನಿಗೆ ಪಾರ್ಕಿನ್ಸನ್ ಬಂದು ಕೆಲವು ವರ್ಷಗಳಾದವು. ಈ ನಡುವೆ ಮನೆಗೆ "ಸ್ಮಾರ್ಟ್" ಅನ್ನುವ ಹಣೆಪಟ್ಟಿ ಹೊತ್ತ ಸಾಮಾನುಗಳು ಒಂದೊಂದಾಗಿ ಬಂದು ಸೇರಿದ್ದವು. ಮಾತು ಕೇಳಿ ದೀಪ ಹಚ್ಚುವ ಸ್ಪೀಕರ್, ಫೋನಿನ ಆ್ಯಪ್‌ನಿಂದ ಹತ್ತುವ ಬಲ್ಬು, ಗಾಜಿನ ಮುಖದ ಟಚ್ ಸ್ವಿಚ್. ನನ್ನ ಕೈಯಲ್ಲಿ ಮೂರೂ ಚೆನ್ನಾಗಿಯೇ ನಡೆಯುತ್ತವೆ. ಅಪ್ಪನಿಗೆ ಒಂದೂ ಒಗ್ಗಲಿಲ್ಲ. ಪಾರ್ಕಿನ್ಸನ್‌ನಲ್ಲಿ ದನಿ ಕುಗ್ಗುತ್ತದೆ. ಮಾತಾಡುವವರಿಗೆ ತಮ್ಮ ದನಿ ಸರಿಯಾಗಿಯೇ ಇದೆ ಅನ್ನಿಸುತ್ತಿರುತ್ತದೆ, ಕೋಣೆಯ ಆ ತುದಿಯ ಮೈಕ್‌ಗೆ ಮಾತ್ರ ಅದು ಪಿಸುಮಾತು. ಟಚ್ ಸ್ವಿಚ್ ಮೇಲೆ ಬೆರಳು ನಡುಗಿದರೆ ದೀಪ ಹತ್ತಿ, ಆರಿ, ಮತ್ತೆ ಹತ್ತುತ್ತದೆ. ಆ್ಯಪ್ ತೆರೆಯಲು ಮೊದಲು ಫೋನ್ ಅನ್‌ಲಾಕ್ ಆಗಬೇಕು, ಅಷ್ಟರಲ್ಲಿ ಅಪ್ಪ ಕತ್ತಲಲ್ಲೇ ಎದ್ದು ಹೊರಟಿರುತ್ತಾರೆ.

ಹಾಗಾಗಿ ಹಳೆಯದನ್ನು ಬದಿಗಿಟ್ಟು ಹೊಸದಾಗಿ ಕಟ್ಟಲು ಕೂತೆ. ಶುರುವಿನಲ್ಲೇ ಕಾಗದದ ಮೇಲೆ ಬರೆದಿಟ್ಟುಕೊಂಡದ್ದು ಎರಡೇ ಷರತ್ತು. ಇಂಟರ್‌ನೆಟ್ ಹೋಗಲಿ, ಎಲ್ಲ ಸಾಧನಗಳನ್ನು ಜೋಡಿಸುವ ಹಬ್ ಕೆಡಲಿ, ಅಪ್ಪ ಬಟನ್ ಒತ್ತಿದರೆ ದೀಪ ಹತ್ತಲೇಬೇಕು. ಅಪ್ಪನ ಬಗ್ಗೆ ಯಂತ್ರಕ್ಕೆ ಏನು ತಿಳಿಯಬೇಕು ಅನ್ನುವುದನ್ನು ಅಪ್ಪನೇ ತೀರ್ಮಾನಿಸಬೇಕು. ಮುಂದೆ ಯಾವ ಭಾಗ ಕೊಳ್ಳಬೇಕು, ಯಾವುದನ್ನು ಎಲ್ಲಿ ಜೋಡಿಸಬೇಕು ಅನ್ನುವುದೆಲ್ಲ ಈ ಎರಡರಿಂದಲೇ ಇತ್ಯರ್ಥವಾಯಿತು.

ಬಟನ್

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಒಂದು ಬಟನ್ ಅಂದರೆ ನಗು ಬರಬಹುದು. ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಯಾವುದೇ ಸ್ವಿಚ್ ಒತ್ತಿದಾಗ ಒಳಗಿನ ಲೋಹದ ತುಣುಕುಗಳು ಕೆಲವು ಮಿಲಿಸೆಕೆಂಡು ಕುಪ್ಪಳಿಸುತ್ತವೆ. ಒಂದು ಒತ್ತು ಹತ್ತು ಒತ್ತಿನಂತೆ ಕಾಣುತ್ತದೆ. ಅದಕ್ಕೆ ಪ್ರೋಗ್ರಾಮಿನಲ್ಲಿ ಡಿಬೌನ್ಸ್ ಅಂತ ಹಾಕುತ್ತೇವೆ, ಸಾಮಾನ್ಯವಾಗಿ 10ರಿಂದ 50 ಮಿಲಿಸೆಕೆಂಡು. ಪಾರ್ಕಿನ್ಸನ್‌ನ ನಡುಕ ಸೆಕೆಂಡಿಗೆ 4ರಿಂದ 6 ಸಲ. ಅಂದರೆ ಒಂದು ಸಲದಿಂದ ಇನ್ನೊಂದಕ್ಕೆ ಸುಮಾರು 170ರಿಂದ 250 ಮಿಲಿಸೆಕೆಂಡು. 50 ಮಿಲಿಸೆಕೆಂಡಿನ ಡಿಬೌನ್ಸ್‌ಗೆ ನಡುಕದ ಪ್ರತಿಯೊಂದು ತಟ್ಟೂ ಬೇರೆ ಬೇರೆ ಒತ್ತು.

ಹಾಗಾದರೆ ಡಿಬೌನ್ಸನ್ನೇ 300ಕ್ಕೆ ಏರಿಸಿದರೆ? ಆಗ ಇನ್ನೊಂದು ತಾಪತ್ರಯ. ಮಾಮೂಲಿ ಡಿಬೌನ್ಸ್ "ಸಂಪರ್ಕ ಇಷ್ಟು ಹೊತ್ತು ಅಲುಗದೆ ನಿಂತರೆ ಒಪ್ಪಿಕೋ" ಅನ್ನುವ ತರ್ಕದ್ದು. ಬೆರಳು ನಡುಗುತ್ತಲೇ ಇದ್ದರೆ ಆ ನಿಲುಗಡೆ ಬರುವುದೇ ಇಲ್ಲ, ದೀಪ ಹತ್ತುವುದೂ ಇಲ್ಲ. ನಡುಗುವ ಕೈಗೆ ಬೇಕಾದ ತರ್ಕ ಇದರ ತಲೆಕೆಳಗು. ಮೊದಲ ಸ್ಪರ್ಶವನ್ನೇ ತಕ್ಷಣ ಒಪ್ಪಿಕೊಂಡು ದೀಪ ಹಚ್ಚಿಬಿಡಬೇಕು, ಆಮೇಲೆ ಒಂದಷ್ಟು ಹೊತ್ತು ಏನು ಬಂದರೂ ಕಿವಿಗೆ ಹಾಕಿಕೊಳ್ಳಬಾರದು. ಅಪ್ಪನ ಕೈಯಲ್ಲೇ ನೋಡಿ ನೋಡಿ ಆ ಹೊತ್ತನ್ನು ಒಂದೂವರೆ ಸೆಕೆಂಡಿಗೆ ನಿಲ್ಲಿಸಿದ್ದೇನೆ. ಬೇರೆಯವರ ಕೈಗೆ ಬೇರೆ ಅಂಕಿ ಬರುತ್ತದೆ, ಅವರನ್ನೇ ಕೂರಿಸಿಕೊಂಡು ನೋಡಬೇಕು. ಬೆಳಗಿನ ಮಾತ್ರೆಗೆ ಮುಂಚೆಯೂ ನೋಡಬೇಕು, ಮಾತ್ರೆ ಹತ್ತಿದ ಮೇಲೂ ನೋಡಬೇಕು. ಅವೆರಡು ಒಂದೇ ಕೈ ಅಲ್ಲ.

ಇಷ್ಟಾದರೂ ಒಂದೇ ಬಟನ್‌ನಲ್ಲಿ ಹಚ್ಚುವುದು-ಆರಿಸುವುದು ಎರಡನ್ನೂ ಇಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಹಚ್ಚಲು ಒಂದು, ಆರಿಸಲು ಇನ್ನೊಂದು. ಹಚ್ಚುವ ಬಟನ್ ಎಷ್ಟು ಸಲ ಒತ್ತಿದರೂ ದೀಪ ಹತ್ತಿಯೇ ಇರುತ್ತದೆ, ನಡುಕದಿಂದ ಏನೂ ಕೆಡುವುದಿಲ್ಲ. ಹಾಗೆಯೇ ಲಾಂಗ್ ಪ್ರೆಸ್, ಡಬಲ್ ಪ್ರೆಸ್ ಎರಡನ್ನೂ ಪೂರ್ತಿ ತೆಗೆದುಹಾಕಿದೆ. ಈ ಕಾಯಿಲೆಯಲ್ಲಿ ನಡುಕದ ಜೊತೆ ನಿಧಾನವೂ ಇದೆ. ಇಟ್ಟ ಬೆರಳು ಬೇಗ ಮೇಲೇಳುವುದಿಲ್ಲ, ಮಾಮೂಲಿ ಒತ್ತೇ ಲಾಂಗ್ ಪ್ರೆಸ್ ಆಗಿಬಿಡುತ್ತದೆ.

ಬಟನ್ ಅಂದರೆ ಗೇಮ್ ಯಂತ್ರಗಳಲ್ಲಿ ಇರುವಂಥ 60 ಮಿಲಿಮೀಟರ್ ಅಗಲದ ಗುಮ್ಮಟದ ಆಕಾರದ್ದು. ಕೆಳಗೆ ಮೈಕ್ರೋಸ್ವಿಚ್, ಸ್ಪ್ರಿಂಗ್. ತೀರಾ ಹಗುರವಾದ ಸ್ಪ್ರಿಂಗ್ ಹಾಕಬೇಡಿ, ಕೈ ಸುಮ್ಮನೆ ಮೇಲಿಟ್ಟರೂ ಒತ್ತಿಕೊಳ್ಳುತ್ತದೆ. ಹಚ್ಚುವುದು ಹಳದಿ, ಉಬ್ಬಿರುವುದು. ಆರಿಸುವುದು ಕಪ್ಪು, ಮಟ್ಟಕ್ಕಿಂತ ಸ್ವಲ್ಪ ಒಳಗೆ. ಕತ್ತಲಲ್ಲಿ ಅಂಗೈಗೇ ವ್ಯತ್ಯಾಸ ತಿಳಿಯುತ್ತದೆ.

ಜಾಗದ ವಿಚಾರ ಇನ್ನೂ ಮುಖ್ಯ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕೈ ಸುಮ್ಮನಿದ್ದಾಗಿನದು, ಕೈ ಚಲಿಸುವಾಗ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಆದರೆ ಕೈಯನ್ನು ಮುಂದೆ ಚಾಚಿ ಹಾಗೇ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ನಡುಕ ಮರಳುತ್ತದೆ. ಗೋಡೆಯ ಮೇಲೆ ಎತ್ತರದಲ್ಲಿರುವ ಸ್ವಿಚ್‌ಬೋರ್ಡಿನಲ್ಲಿ ಸರಿಯಾದ ಸ್ವಿಚ್ ಹುಡುಕುತ್ತಾ ನಿಂತಾಗ ಆಗುವುದು ಇದೇ. ಅದಕ್ಕೆ ಬಟನ್ ಪೆಟ್ಟಿಗೆಯನ್ನು ಹಾಸಿಗೆ ಪಕ್ಕದ ಸಣ್ಣ ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದೆ, ಮುಂದೆ ಮುಂಗೈ ಊರಲು ಒಂದು ಮರದ ಪಟ್ಟಿ. ಮುಂಗೈ ಪಟ್ಟಿಯ ಮೇಲೆ ಕೂತರೆ ಅಂಗೈ ತಾನಾಗಿ ಬಟನ್ ಮೇಲೆ ಬೀಳುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಭಾಗ ಈ ಮರದ ತುಂಡು.

ವೈರಿಂಗ್ ಬಗ್ಗೆ ಎರಡು ಮಾತು. ಮಿದುಳು ಇಎಸ್‌ಪಿ32 ಅನ್ನುವ ವೈಫೈ ಇರುವ ಸಣ್ಣ ಚಿಪ್, ಅದರ ಮೇಲೆ ಅದನ್ನು ನಡೆಸುವ ಇಎಸ್‌ಪಿಹೋಮ್ ಪ್ರೋಗ್ರಾಮು. ಇಎಸ್‌ಪಿ32ರಲ್ಲಿ 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್‌ಗೆ ಮಾತ್ರ, ಅವುಗಳಿಗೆ ಒಳಗಿನ ಪುಲ್‌ಅಪ್ (ಬಟನ್ ಒತ್ತದಿರುವಾಗ ಪಿನ್ನನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವ ರೆಸಿಸ್ಟರ್) ಇಲ್ಲ. ಬಟನ್ ಅಲ್ಲಿ ಜೋಡಿಸಿ ಹೊರಗೆ ರೆಸಿಸ್ಟರ್ ಹಾಕದಿದ್ದರೆ ದೀಪ ತನ್ನಿಷ್ಟಕ್ಕೆ ಹತ್ತಿ ಆರುತ್ತದೆ. 0, 2, 12, 15ರ ಪಿನ್‌ಗಳೂ ಬಟನ್‌ಗೆ ಬೇಡ. ಚಿಪ್ ಎಚ್ಚರಾಗುವಾಗ ಅವುಗಳ ಸ್ಥಿತಿ ನೋಡಿ ಹೇಗೆ ಶುರುವಾಗಬೇಕೆಂದು ತೀರ್ಮಾನಿಸುತ್ತದೆ. ಕರೆಂಟ್ ಹೋಗಿ ಬರುವ ಗಳಿಗೆಯಲ್ಲಿ ಯಾರಾದರೂ 0ಕ್ಕೆ ಸೇರಿದ ಬಟನ್ ಒತ್ತಿ ಹಿಡಿದಿದ್ದರೆ ಚಿಪ್ ಹೊಸ ಪ್ರೋಗ್ರಾಮಿಗೆ ಕಾಯುತ್ತಾ ಕೂತುಬಿಡುತ್ತದೆ. ಕತ್ತಲಾದಾಗಲೇ ಅಲ್ಲವೇ ಜನ ಬಟನ್ ಒತ್ತುವುದು? ನಾನು 25 ಮತ್ತು 26 ಬಳಸಿದೆ. ಬಟನ್‌ವರೆಗಿನ ವೈರ್ ಉದ್ದ ಇದ್ದದ್ದರಿಂದ ಒಳಗಿನ ದುರ್ಬಲ ಪುಲ್‌ಅಪ್ ನಂಬದೆ 4.7 ಕಿಲೋಓಮ್ ರೆಸಿಸ್ಟರ್, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ.

ಮುಖ್ಯವಾದ ಮಾತು: ಹಾಸಿಗೆ ಪಕ್ಕದ ದೀಪವನ್ನು ನಡೆಸುವುದೂ ಇದೇ ಚಿಪ್. ಬಟನ್‌ನಿಂದ ದೀಪಕ್ಕೆ ಹೋಗುವ ಸುದ್ದಿ ವೈಫೈ ಮುಟ್ಟುವುದೇ ಇಲ್ಲ.

ರಾತ್ರಿಯ ದಾರಿ

ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವ ದಾರಿಯೇ ಅಪಾಯದ್ದು. ಪಾರ್ಕಿನ್ಸನ್ ಇರುವ ಅನೇಕರಿಗೆ ಮಲಗಿದ್ದವರು ಏಕಾಏಕಿ ಎದ್ದು ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಎದ್ದು ಹಾಸಿಗೆ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲಿ ಅಂತ ವೈದ್ಯರು ಹೇಳಿರುತ್ತಾರೆ, ಅವಸರದಲ್ಲಿ ಅದು ಯಾರಿಗೆ ನೆನಪಾಗುತ್ತದೆ? ಇದನ್ನು ದೀಪದ ಕೈಲಿ ಹೇಳಿಸಿದೆ. ಕಾಲು ನೆಲಕ್ಕೆ ಇಳಿದಾಗ ಹಾಸಿಗೆಯ ಕೆಳಗಿನ ಪಟ್ಟಿ ಮಾತ್ರ ಮೆಲ್ಲನೆ ಹತ್ತುತ್ತದೆ. ಬಾಗಿಲವರೆಗಿನ ದಾರಿಯ ದೀಪ ಹತ್ತುವುದು ಒಂದು ನಿಮಿಷ ಬಿಟ್ಟು. ದಾರಿ ಬೆಳಗುವ ತನಕ ಅಪ್ಪ ಕೂತಿರುತ್ತಾರೆ. ಅವಸರವಿದ್ದರೆ ಹಳದಿ ಬಟನ್ ಇದ್ದೇ ಇದೆ, ಅದು ಯಾವ ಕಾಯುವಿಕೆಯೂ ಇಲ್ಲದೆ ಎಲ್ಲವನ್ನೂ ಹಚ್ಚುತ್ತದೆ. ಯಂತ್ರ ನೆನಪಿಸಬಹುದು, ತಡೆದು ನಿಲ್ಲಿಸಬಾರದು.

ಕಾಲು ಇಳಿದದ್ದನ್ನು ಕಾಣಲು ಹಾಸಿಗೆಯ ಕೆಳಗೆ ಎಚ್‌ಸಿ-ಎಸ್‌ಆರ್501 ಅನ್ನುವ, ಮೈಶಾಖದ ಚಲನೆ ಗುರುತಿಸುವ ಪಿಐಆರ್ ಸೆನ್ಸರ್, ನೆಲದತ್ತ ಮುಖ ಮಾಡಿ. ಅದರ ಬಿಳಿ ಲೆನ್ಸ್‌ನ ಮುಕ್ಕಾಲು ಭಾಗಕ್ಕೆ ಕಪ್ಪು ಟೇಪ್ ಅಂಟಿಸಿದರೆ ನೋಟ ಕಿರಿದಾಗಿ ಹಾಸಿಗೆ ಅಂಚಿನ ಪಟ್ಟಿಯನ್ನಷ್ಟೇ ನೋಡುತ್ತದೆ; ಮಗ್ಗುಲು ಬದಲಿಸಿದರೆ ದೀಪ ಹತ್ತುವುದಿಲ್ಲ. ಕರೆಂಟ್ ಬಂದ ಮೇಲೆ ಸುಮಾರು ಒಂದು ನಿಮಿಷ ಈ ಸೆನ್ಸರ್ ಮಾತು ನಂಬಬಾರದು. ಇಎಸ್‌ಪಿ32ರ ಆಂಟೆನಾ ಪಕ್ಕದಲ್ಲಿಯೇ ಇಟ್ಟರೆ ವೈಫೈ ಸಂಕೇತಕ್ಕೇ ಅದು ಬೆಚ್ಚುತ್ತದೆ. ಗೇಣುದ್ದ ದೂರಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಎಲ್‌ಇಡಿ ಪಟ್ಟಿ ಬೆಚ್ಚಗಿನ ಹಳದಿ ಬಣ್ಣದ್ದು, 24 ವೋಲ್ಟ್‌ನದು, ಚುಕ್ಕೆ ಚುಕ್ಕೆಯಾಗಿ ಕಾಣದ ಸಿಒಬಿ ಬಗೆಯದು. ಅದನ್ನು ನಡೆಸಲು ಮಾಸ್‌ಫೆಟ್ ಬೇಕು, ಅಂದರೆ ಚಿಪ್‌ನ ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಬಿಟ್ಟು ನಿಲ್ಲಿಸುವ ಭಾಗ. ಇಲ್ಲಿ ಹೆಸರಿನ ಒಂದು ಅಕ್ಷರ ನೋಡಿ ಕೊಳ್ಳಬೇಕು. ಐಆರ್‌ಎಫ್‌ಝಡ್44ಎನ್ ಅನ್ನುವುದು ಚಿಪ್ ಕೊಡುವ 3.3 ವೋಲ್ಟ್‌ಗೆ ಪೂರ್ತಿ ತೆರೆಯುವುದಿಲ್ಲ, ಬಿಸಿಯಾಗಿ ಕೂರುತ್ತದೆ. ಐಆರ್‌ಎಲ್‌ಝಡ್44ಎನ್ ಇಂಥ ಸಣ್ಣ ಪಟ್ಟಿಗೆ ಸಾಕು. ಅದರ ಸಂಕೇತದ ಕಾಲಾದ ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕದಿದ್ದರೆ ಚಿಪ್ ಎಚ್ಚರಾಗುವಾಗ ದೀಪ ಒಮ್ಮೆ ಫಳ್ಳೆಂದು ಮಿಂಚುತ್ತದೆ, ನಿದ್ದೆಯಲ್ಲಿರುವವರು ಬೆಚ್ಚಿಬೀಳುತ್ತಾರೆ. ಇಎಸ್‌ಪಿಹೋಮ್‌ನಲ್ಲಿ, ಕಣ್ಣಿಗೆ ಬೆಳಕು ಸಮನಾಗಿ ಏರಿದಂತೆ ಕಾಣಿಸುವ ಗ್ಯಾಮಾ ತಿದ್ದುಪಡಿ ತಾನಾಗಿಯೇ 2.8ಕ್ಕೆ ಇರುತ್ತದೆ, ಹಾಗಾಗಿ 10 ಪರ್ಸೆಂಟ್ ಅಂತ ಹಾಕಿದರೆ ನಿಜವಾದ ಬೆಳಕು ಅದಕ್ಕಿಂತ ತುಂಬ ಕಡಿಮೆ. ಅಂಕಿಯನ್ನು ನಂಬದೆ ಕತ್ತಲಲ್ಲಿ ಕೂತು ಕಣ್ಣಿನಿಂದಲೇ ಹೊಂದಿಸಿದೆ.

ಬಾಗಿಲ ಹತ್ತಿರ ಅಪ್ಪನ ಕಾಲು ನಿಂತುಬಿಡುತ್ತದೆ. ಹೆಜ್ಜೆ ಎತ್ತಬೇಕು ಅನ್ನಿಸಿದರೂ ಪಾದ ನೆಲಕ್ಕೆ ಅಂಟಿದ ಹಾಗೆ. ಇಕ್ಕಟ್ಟಾದ ಜಾಗ, ಬಾಗಿಲು, ತಿರುವು ಇವೆಲ್ಲ ಅದನ್ನು ಕೆರಳಿಸುತ್ತವೆ. ನೆಲದ ಮೇಲೆ ನಡಿಗೆಗೆ ಅಡ್ಡವಾಗಿ ಗೆರೆಗಳಿದ್ದರೆ ಅವುಗಳನ್ನು ದಾಟುವ ನೆಪದಲ್ಲಿ ಕಾಲು ಎದ್ದುಬಿಡುವುದು ಎಷ್ಟೋ ಜನರಲ್ಲಿ ಕಂಡುಬಂದ ವಿಷಯ, ಎಲ್ಲರಿಗೂ ಅಲ್ಲ. ಬಾಗಿಲ ಚೌಕಟ್ಟಿನಿಂದ ಲೇಸರ್ ಗೆರೆ ಬೀಳಿಸುವ ಯೋಚನೆ ನನಗಿತ್ತು. ಅದಕ್ಕೆ ಮೊದಲು ಪರೀಕ್ಷೆಗೆಂದು ಬಿಳಿ ಟೇಪನ್ನು ಒಂದೊಂದು ಹೆಜ್ಜೆಗೆ ಅಡ್ಡಡ್ಡ ಅಂಟಿಸಿದೆ. ಅಪ್ಪ ಮೊದಲ ಗೆರೆಯ ಹತ್ತಿರ ನಿಂತು ಕೆಳಗೆ ನೋಡಿದರು, ಕಾಲೆತ್ತಿ ದಾಟಿದರು, ಎರಡನೆಯದನ್ನೂ ದಾಟಿ ಬಾಗಿಲಾಚೆ ಹೋದರು. ಲೇಸರ್ ಮಾಡ್ಯೂಲ್ ಇನ್ನೂ ಡ್ರಾಯರ್‌ನಲ್ಲಿದೆ. ಟೇಪಿನ ಅಂಚು ಏಳದ ಹಾಗೆ ನೋಡಿಕೊಳ್ಳಬೇಕು, ಎದ್ದ ಅಂಚಿಗೆ ಕಾಲು ಸಿಕ್ಕಿದರೆ ಇದ್ದ ಉಪಕಾರವೂ ಹೋಯಿತು. ದಾರಿಯ ದೀಪವನ್ನು ಈ ಗೆರೆಗಳು ಸ್ಪಷ್ಟವಾಗಿ ಕಾಣುವಷ್ಟಕ್ಕೇ ಹೊಂದಿಸಿದ್ದೇನೆ.

ಗೋಡೆಯ ಸ್ವಿಚ್‌ಗಳ ಹಿಂದೆ ಸಣ್ಣ ರಿಲೇ ಮಾಡ್ಯೂಲ್ ಕೂರಿಸುವ ಕೆಲಸ ಎಲೆಕ್ಟ್ರಿಷಿಯನ್ ಮಾಡಿದರು. ಮೇನ್ಸ್ ಕರೆಂಟಿನ ಕೆಲಸ ಅವರದೇ. ಹಲವು ಹಳೆಯ ಸ್ವಿಚ್‌ಬೋರ್ಡುಗಳಲ್ಲಿ ಹೆಚ್ಚಿನ ಮಾಡ್ಯೂಲ್‌ಗಳಿಗೆ ಬೇಕಾದ ನ್ಯೂಟ್ರಲ್ ವೈರ್ ಇರುವುದಿಲ್ಲ, ಮಾಡ್ಯೂಲ್ ಕೊಳ್ಳುವ ಮೊದಲು ಬೋರ್ಡ್ ಬಿಚ್ಚಿಸಿ ನೋಡಿ. ಸ್ವಿಚ್ ಹಳೆಯದೇ, ಒತ್ತುವ ರೀತಿಯೂ ಹಳೆಯದೇ. ಅಮ್ಮನಿಗೆ ಏನೂ ಹೊಸದಾಗಿ ಕಲಿಯಬೇಕಾಗಲಿಲ್ಲ.

ಮಾತ್ರೆ ಪೆಟ್ಟಿಗೆ

ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯ ವಿಷಯದಲ್ಲಿ ಹೊತ್ತು ಅನ್ನುವುದು ಬಹಳ ಮುಖ್ಯ. ಅದು ಬೇಗ ಒಡೆಯದಂತೆ ತಡೆಯುವ ಕಾರ್ಬಿಡೋಪಾ ಜೊತೆ ಸೇರಿಸಿ ಕೊಟ್ಟರೂ ರಕ್ತದಲ್ಲಿ ಅದರ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕಿಳಿಯುವ ಹೊತ್ತು) ಸುಮಾರು ಒಂದೂವರೆ ಗಂಟೆ. ಕಾಯಿಲೆ ಹಳೆಯದಾದಂತೆ ಒಂದು ಮಾತ್ರೆಯ ಪರಿಣಾಮ ಮುಂದಿನದರವರೆಗೆ ಎಳೆಯುವುದಿಲ್ಲ, ತಡವಾದರೆ ಮೈ ಬಿಗಿಯುತ್ತದೆ. ಆಸ್ಪತ್ರೆಗೆ ಸೇರಿದ ರೋಗಿಗೆ ನಿಗದಿತ ಹೊತ್ತಿನ 30 ನಿಮಿಷದೊಳಗೆ ಈ ಮಾತ್ರೆ ಸಿಗಬೇಕು ಅಂತ ಬ್ರಿಟನ್ನಿನ ಪಾರ್ಕಿನ್ಸನ್ಸ್ ಯುಕೆ ಸಂಸ್ಥೆ ಪ್ರಚಾರವನ್ನೇ ನಡೆಸುತ್ತಿದೆ.

ಫೋನ್ ಅಲಾರಂ ಸಾಲದೇ ಅಂತ ನಾನೂ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ನೋಡಿದಾಗ ತಿಳಿದದ್ದು ಬೇರೆ. ಅಪ್ಪ ಹೊತ್ತನ್ನು ಮರೆಯುವುದು ಅಪರೂಪ. ಅವರನ್ನು ಕಾಡುವ ಪ್ರಶ್ನೆ "ಆಗಲೇ ತಗೊಂಡ್ನಾ?" ಅನ್ನುವುದು. ಅಲಾರಂ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಹಾಗಾಗಿ ಪೆಟ್ಟಿಗೆಯ ಮುಖ್ಯ ಕೆಲಸ ಆ ಉತ್ತರ ಕೊಡುವುದೇ ಅಂತ ಇಟ್ಟುಕೊಂಡೆ.

ವಾರದ ಮಾತ್ರೆಗಳ ಮಾಮೂಲಿ ಡಬ್ಬಿ ಒಂದು ಮರದ ತಟ್ಟೆಯಲ್ಲಿ ಕೂರುತ್ತದೆ, ಮೇಲೆ ಕೀಲಿನ ಮುಚ್ಚಳ, ಅದಕ್ಕೆ ಅಂಗೈಯಿಂದಲೇ ಎತ್ತಬಹುದಾದ ಉದ್ದನೆಯ ಹಿಡಿ. ಮುಚ್ಚಳ ತೆರೆದದ್ದು ತಿಳಿಯಲು ಒಂದು ಮೈಕ್ರೋಸ್ವಿಚ್. ಇಂಥದ್ದಕ್ಕೆ ಎಲ್ಲರೂ ಆಯಸ್ಕಾಂತ, ಅದು ಹತ್ತಿರ ಬಂದರೆ ಸೇರಿಕೊಳ್ಳುವ ರೀಡ್ ಸ್ವಿಚ್ ಬಳಸುತ್ತಾರೆ. ನಾನು ಬೇಡ ಅಂದುಕೊಂಡೆ. ಪಾರ್ಕಿನ್ಸನ್ ಇರುವ ಕೆಲವರಿಗೆ ಮಿದುಳಿಗೆ ಸಂಕೇತ ಕಳಿಸುವ ಸಾಧನವನ್ನು ಎದೆಯ ಚರ್ಮದ ಕೆಳಗೆ ಇಟ್ಟಿರುತ್ತಾರೆ, ಬಲವಾದ ಆಯಸ್ಕಾಂತ ಅದರ ಹತ್ತಿರ ಹೋಗಬಾರದು ಅನ್ನುವ ಎಚ್ಚರಿಕೆ ಇರುತ್ತದೆ. ಅಪ್ಪನಿಗೆ ಇವತ್ತು ಆ ಸಾಧನವಿಲ್ಲ, ಮುಂದೆ ಬರಬಹುದು.

ಹೊತ್ತಾದಾಗ ಮುಚ್ಚಳದ ಮೇಲೆ ಕಿತ್ತಳೆ ದೀಪ. ಐದು ನಿಮಿಷ ಕಳೆದರೂ ತೆರೆಯದಿದ್ದರೆ ಎರಡು ಸ್ವರದ ಮೆತ್ತನೆಯ ಗಂಟೆ. ಇಪ್ಪತ್ತು ನಿಮಿಷಕ್ಕೆ ಅಮ್ಮನ ಫೋನಿಗೂ ನನ್ನ ಫೋನಿಗೂ ಸಂದೇಶ. ಮುಚ್ಚಳ ತೆರೆದರೆ ಕಿತ್ತಳೆ ಹೋಗಿ ಹಸಿರು ಬರುತ್ತದೆ, ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗುವ ತನಕ ಹಸಿರು ಹಾಗೇ ಇರುತ್ತದೆ. ಈಗ ಅಪ್ಪ ಕುರ್ಚಿಯಿಂದಲೇ ಕತ್ತು ತಿರುಗಿಸಿ ಹಸಿರು ನೋಡಿ ಪತ್ರಿಕೆಗೆ ಮರಳುತ್ತಾರೆ.

ಎರಡು ಎಚ್ಚರಿಕೆ. ಮುಚ್ಚಳ ತೆರೆಯಿತು ಅಂದರೆ ಮಾತ್ರೆ ಹೊಟ್ಟೆಗೆ ಹೋಯಿತು ಅಂತ ಅಲ್ಲ. ಹಸಿರು ಕಂಡರೂ ಅನುಮಾನವಿದ್ದರೆ ಡಬ್ಬಿಯ ಆ ಹೊತ್ತಿನ ಮನೆ ಖಾಲಿಯೇ ಅಂತ ನೋಡಬೇಕು. ಎರಡನೆಯದು, ತಪ್ಪಿದ ಮಾತ್ರೆಯನ್ನು ಈಗ ನುಂಗಿ ಅಂತ ಈ ಪೆಟ್ಟಿಗೆ ಯಾವತ್ತೂ ಹೇಳುವುದಿಲ್ಲ. ತಡವಾದರೆ ಏನು ಮಾಡಬೇಕು ಅನ್ನುವುದನ್ನು ನರರೋಗ ವೈದ್ಯರಿಂದ ಕೇಳಿ ಬರೆಸಿಕೊಂಡು ಮುಚ್ಚಳದ ಒಳಮೈಗೆ ಅಂಟಿಸಿದ್ದೇವೆ. ಆ ತೀರ್ಮಾನ ಪ್ರೋಗ್ರಾಮಿನೊಳಗೆ ಇರಬಾರದು.

ಪೆಟ್ಟಿಗೆಗೆ ತನ್ನದೇ ಗಡಿಯಾರ ಇದೆ, ಡಿಎಸ್3231. ಮನೆಯೊಳಗಿನ ಬಿಸಿ-ತಂಪಿನಲ್ಲಿ ಅದರ ವ್ಯತ್ಯಾಸ ಹತ್ತು ಲಕ್ಷಕ್ಕೆ 2, ಅಂದರೆ ವರ್ಷಕ್ಕೆ ಒಂದು ನಿಮಿಷದ ಆಸುಪಾಸು. ಇಂಟರ್‌ನೆಟ್ ಇಲ್ಲದೆಯೂ ಮಾತ್ರೆ ಹೊತ್ತು ತಪ್ಪುವುದಿಲ್ಲ. ಆದರೆ ಝಡ್‌ಎಸ್-042 ಅಂತ ಸಿಗುವ ನೀಲಿ ಬೋರ್ಡ್ ತಂದರೆ ಮೊದಲು ಸೋಲ್ಡರಿಂಗ್ ಐರನ್ ಬಿಸಿ ಮಾಡಿಕೊಳ್ಳಿ. ಅದರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇದೆ, ಅದು ಎಲ್‌ಐಆರ್2032 ಅನ್ನುವ ಚಾರ್ಜ್ ಆಗುವ ಸೆಲ್‌ಗೆ ಮಾಡಿದ್ದು. ನಾವು ಹಾಕುವುದು ಮಾಮೂಲಿ ಸಿಆರ್2032. ಅದನ್ನು 5 ವೋಲ್ಟ್‌ನಿಂದ ಚಾರ್ಜ್ ಮಾಡುತ್ತಾ ಹೋದರೆ ಊದಿಕೊಳ್ಳುತ್ತದೆ, ಒಡೆಯಲೂಬಹುದು. ಡಯೋಡ್ ಪಕ್ಕದ 200 ಓಮ್ ರೆಸಿಸ್ಟರ್ ಕಿತ್ತುಹಾಕಿದರೆ ಚಾರ್ಜಿಂಗ್ ನಿಲ್ಲುತ್ತದೆ, ಗಡಿಯಾರಕ್ಕೆ ಏನೂ ಆಗುವುದಿಲ್ಲ. ಔಷಧಿ ಇಡುವ ಪೆಟ್ಟಿಗೆಯಲ್ಲಿ ಈ ಹೆಜ್ಜೆ ಬಿಡಲೇಬೇಡಿ.

ಬಾತ್‌ರೂಮಿನ ರಾಡಾರ್, ಅಪ್ಪನ ತಕರಾರು

ಒಳಗೆ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವುದು ಅಮ್ಮನ ಚಿಂತೆ. ಕ್ಯಾಮೆರಾ ಮಾತೇ ಇಲ್ಲ. ಪಿಐಆರ್ ಅಲ್ಲಿ ಕೆಲಸಕ್ಕೆ ಬಾರದು, ಅಲುಗಾಡದೆ ಇರುವವರು ಅದಕ್ಕೆ ಕಾಣುವುದಿಲ್ಲ. ಬಿದ್ದವರು ಅಲುಗಾಡದೆಯೇ ಇರಬಹುದು. ಹಾಗಾಗಿ ಎಲ್‌ಡಿ2410 ಅನ್ನುವ 24 ಗಿಗಾಹರ್ಟ್ಸ್ ರಾಡಾರ್. ಉಸಿರಾಟದಂಥ ಸಣ್ಣ ಅಲುಗಾಟವನ್ನೂ ಅದು ಹಿಡಿಯಬಲ್ಲದು. ಬಿದ್ದಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಯಾರೋ ಒಳಗಿದ್ದಾರೆ ಅನ್ನುವಷ್ಟು ಮಾತ್ರ.

ವಿಷಯ ತಿಳಿಸಿದಾಗ ಅಪ್ಪ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ನಾನು ಎಷ್ಟು ಸಲ ಒಳಗೆ ಹೋದೆ, ಎಷ್ಟು ಹೊತ್ತು ಕೂತೆ ಅಂತ ಲೆಕ್ಕ ಇಡೋದಾದ್ರೆ ಇದು ಬೇಡ ಕಣಮ್ಮ."

"ಲೆಕ್ಕ ಇಡಲ್ಲ ಅಪ್ಪ. ಈಗ ಒಳಗಿದ್ದೀರಾ ಇಲ್ವಾ, ಅಷ್ಟೇ."

"ಇಡಲ್ಲ ಅಂತ ನೀನು ಹೇಳ್ತೀಯ. ನನಗೆ ಹೇಗೆ ಗೊತ್ತಾಗ್ಬೇಕು?"

ನ್ಯಾಯವಾದ ಪ್ರಶ್ನೆ. ಹಬ್‌ನಲ್ಲಿ ಓಡುವ ಹೋಮ್ ಅಸಿಸ್ಟೆಂಟ್ ಅನ್ನುವ ಪ್ರೋಗ್ರಾಮು ತಾನಾಗಿ ಎಲ್ಲ ಸೆನ್ಸರ್‌ಗಳ ಇತಿಹಾಸವನ್ನು 10 ದಿನ ಇಟ್ಟುಕೊಳ್ಳುತ್ತದೆ. ರೆಕಾರ್ಡರ್ ಪಟ್ಟಿಯಿಂದ ಬಾತ್‌ರೂಮಿನ ಎಲ್ಲವನ್ನೂ ಹೊರಗಿಟ್ಟು ಖಾಲಿ ಪುಟವನ್ನು ಅಪ್ಪನಿಗೆ ತೋರಿಸಿದೆ. ಅದೂ ಸಾಲದು, ಏಕೆಂದರೆ ನಾಳೆ ಅದನ್ನು ನಾನೇ ಬದಲಿಸಬಹುದು. ಅದಕ್ಕೆ ರಾಡಾರ್‌ನ 5 ವೋಲ್ಟ್ ವೈರಿನ ನಡುವೆ, ಬಾಗಿಲ ಹೊರಗೆ, ಟಕ್ ಅಂತ ಬೀಳುವ ಒಂದು ಟಾಗಲ್ ಸ್ವಿಚ್ ಹಾಕಿದೆ. ಕೆಳಗಿದ್ದರೆ ಸೆನ್ಸರ್‌ಗೆ ಕರೆಂಟೇ ಇಲ್ಲ. ಅಪ್ಪ ಬೇಕೆಂದಾಗ ಆಫ್ ಮಾಡುತ್ತಾರೆ, ಯಾಕೆ ಅಂತ ನಾವು ಕೇಳುವುದಿಲ್ಲ ಅನ್ನುವುದು ಒಪ್ಪಂದ. ಅಮ್ಮನಿಗೆ ಇದು ಅಷ್ಟಾಗಿ ಹಿಡಿಸಿಲ್ಲ.

ರಾಡಾರ್ ಹೊಂದಿಸುವಾಗ ದೂರವನ್ನು 0.75 ಮೀಟರ್‌ನ ಮೆಟ್ಟಿಲುಗಳಲ್ಲಿ ಕೊಡಬೇಕು. ತೆಳು ಗೋಡೆ ಅದಕ್ಕೆ ಅಡ್ಡಿಯಲ್ಲ, ಆಚೆ ನಡೆಯುವವರೂ ಕಾಣುತ್ತಾರೆ. ಹಾಗಾಗಿ ಎದುರಿನ ಗೋಡೆಗಿಂತ ಮುಂದಿನ ಮೆಟ್ಟಿಲುಗಳನ್ನೆಲ್ಲ ಮುಚ್ಚಿದೆ. ಎಕ್ಸಾಸ್ಟ್ ಫ್ಯಾನ್ ತಿರುಗುವುದನ್ನೂ ಅದು ಮನುಷ್ಯ ಅಂದುಕೊಳ್ಳುತ್ತದೆ, ಫ್ಯಾನ್‌ಗೆ ಬೆನ್ನು ಹಾಕಿ ಕೂರಿಸಬೇಕು. ಪ್ಲಾಸ್ಟಿಕ್ ಮೂಲಕ ರಾಡಾರ್ ಹಾಯುವುದರಿಂದ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ನೀರಿನ ಭಯವಿಲ್ಲ. ಲೋಹದ ಡಬ್ಬಿ ಆಗದು.

ಇಪ್ಪತ್ತೈದು ನಿಮಿಷ ದಾಟಿದರೆ ಒಳಗೆ ಗಂಟೆ ಕೇಳಿಸುತ್ತದೆ. ಅಪ್ಪ ಅಲ್ಲಿನ ಬಟನ್ ಒತ್ತಿದರೆ ಲೆಕ್ಕ ಮತ್ತೆ ಮೊದಲಿನಿಂದ. ಮೂರು ನಿಮಿಷ ಉತ್ತರ ಬರದಿದ್ದರೆ ಮಾತ್ರ ನಮ್ಮ ಫೋನ್‌ಗಳು ಕೂಗುತ್ತವೆ. ಇದೆಲ್ಲದರ ಜೊತೆಗೆ ಒಂದು ಕೆಂಪು ಹಗ್ಗ. ಎಳೆದರೆ ಮನೆಯೆಲ್ಲ ಗಂಟೆ. ಹಗ್ಗ ಸೊಂಟದೆತ್ತರಕ್ಕೆ ನಿಂತರೆ ಬಿದ್ದವರ ಕೈಗೆ ಸಿಗುವುದಿಲ್ಲ. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಹಗ್ಗಕ್ಕೆ ಎರಡು ಕೆಂಪು ಬಳೆ ಇರಬೇಕು, ಒಂದು ನೆಲದಿಂದ 800ರಿಂದ 1000 ಮಿಲಿಮೀಟರ್ ಎತ್ತರಕ್ಕೆ, ಇನ್ನೊಂದು ನೆಲದಿಂದ 100 ಮಿಲಿಮೀಟರ್‌ಗೆ ಅಂತಿದೆ. ಅದನ್ನೇ ಅನುಸರಿಸಿದೆ. ಹಗ್ಗದ ಗಂಟೆಗೆ ಹಬ್ ಬೇಡ, ವೈಫೈ ಬೇಡ, ಬ್ಯಾಟರಿ ಮತ್ತು ಬಜರ್ ಸಾಕು.

ಹಬ್ ಕಿತ್ತು ನೋಡಿದ್ದು

ಹಬ್ ಎಂದರೆ ರಾಸ್ಪ್‌ಬೆರಿ ಪೈ 4, ಎಸ್‌ಎಸ್‌ಡಿ ಮೇಲೆ ಹೋಮ್ ಅಸಿಸ್ಟೆಂಟ್, ಒಂದು ಜಿಗ್‌ಬೀ ಡಾಂಗಲ್. ಜಿಗ್‌ಬೀ ಅಂದರೆ ಬಲ್ಬು, ಸೆನ್ಸರ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಹಬ್ ಜೊತೆ ಮಾತಾಡುವ ರೇಡಿಯೋ ಬಗೆ. ಯುಎಸ್‌ಬಿ 3 ಪೋರ್ಟು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಎಸ್‌ಎಸ್‌ಡಿ ಪಕ್ಕದಲ್ಲೇ ಡಾಂಗಲ್ ಚುಚ್ಚಿದರೆ ದೂರದ ಸೆನ್ಸರ್‌ಗಳು ಕಳೆದುಹೋಗುತ್ತವೆ. ಯುಎಸ್‌ಬಿ 2 ಪೋರ್ಟಿಗೆ ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರ ಇಟ್ಟರೆ ಸಾಕು. ಒಂದಕ್ಕೊಂದು ಅಡ್ಡ ಬರದ ಹಾಗೆ ವೈಫೈ ಚಾನೆಲ್ 1ರಲ್ಲಿ, ಜಿಗ್‌ಬೀ 25ರಲ್ಲಿ. ಇನ್ನೊಂದು: ಜಿಗ್‌ಬೀ ಬಲ್ಬು ಅಕ್ಕಪಕ್ಕದವುಗಳ ಸುದ್ದಿಯನ್ನು ಮುಂದೆ ದಾಟಿಸುತ್ತಿರುತ್ತದೆ, ಯಾರೋ ಗೋಡೆಯ ಸ್ವಿಚ್ ಆಫ್ ಮಾಡಿದರೆ ಆ ಕೊಂಡಿಯೇ ಕಳಚುತ್ತದೆ. ಸುದ್ದಿ ದಾಟಿಸುವ ಕೆಲಸವನ್ನು ಸದಾ ಆನ್ ಇರುವ ಪ್ಲಗ್‌ಗಳಿಗೆ ಕೊಟ್ಟಿದ್ದೇನೆ. ಆ ಪ್ಲಗ್‌ಗಳಿಂದ ವೈದ್ಯಕೀಯ ಉಪಕರಣ ಯಾವುದನ್ನೂ ನಡೆಸಬಾರದು. ಆಮ್ಲಜನಕದ ಯಂತ್ರ ಇರುವ ಮನೆಯಲ್ಲಂತೂ ಅದು ನೇರ ಗೋಡೆಯ ಸಾಕೆಟ್‌ನಲ್ಲೇ ಇರಬೇಕು.

ಎಲ್ಲ ಮುಗಿದ ಮೇಲೆ ಸಂಜೆಯ ಹೊತ್ತಿಗೆ ಹಬ್‌ನ ಪ್ಲಗ್ ಕಿತ್ತು ಕೂತೆ. ಬಟನ್, ಹಾಸಿಗೆ ದೀಪ, ಮಾತ್ರೆ ಪೆಟ್ಟಿಗೆ ಎಲ್ಲ ಸರಿಯಾಗಿ ನಡೆದವು. ಕಾಲು ಗಂಟೆ ಕಳೆದ ಮೇಲೆ ಹತ್ತಿದ್ದ ದೀಪ ತಾನಾಗಿ ಆರಿತು. ಮತ್ತೆ ಹಚ್ಚಿದೆ, ಮತ್ತೆ ಕಾಲು ಗಂಟೆಗೆ ಆರಿತು. ಕಾರಣ ಕೈಪಿಡಿಯಲ್ಲೇ ಇದೆ. ಇಎಸ್‌ಪಿಹೋಮ್‌ನಲ್ಲಿ ಹಬ್ ಜೊತೆ ಮಾತಾಡುವ ಎಪಿಐ ವಿಭಾಗದಲ್ಲಿ ರೀಬೂಟ್ ಟೈಮೌಟ್ ಅಂತ ಒಂದಿದೆ, ನಾವು ಏನೂ ಹಾಕದಿದ್ದರೆ 15 ನಿಮಿಷ. ಅಷ್ಟು ಹೊತ್ತು ಯಾರೂ ಸಂಪರ್ಕಕ್ಕೆ ಬರದಿದ್ದರೆ ಚಿಪ್ ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ. ವೈಫೈ ವಿಭಾಗದಲ್ಲೂ ಅದೇ ಹೆಸರಿನ, ಅದೇ 15 ನಿಮಿಷದ ಆಯ್ಕೆ ಇದೆ. ಹಬ್‌ಗೆ ವರದಿ ಮಾಡುವುದಷ್ಟೇ ಕೆಲಸವಾದ ಸೆನ್ಸರ್‌ಗೆ ಇದು ಒಳ್ಳೆಯ ಏರ್ಪಾಡು, ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಕತ್ತಲಲ್ಲಿ ಅರ್ಧ ದಾರಿ ನಡೆದವರ ದೀಪಕ್ಕೆ ಆಗದು. ಎರಡನ್ನೂ ಸೊನ್ನೆ ಸೆಕೆಂಡಿಗೆ ಇಟ್ಟರೆ ಈ ರೀಸ್ಟಾರ್ಟ್ ನಿಲ್ಲುತ್ತದೆ.

ಆಮೇಲೆ ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ ಆನ್ ಮಾಡಿದೆ. ಇಎಸ್‌ಪಿ32 ಕೆಲವೇ ಸೆಕೆಂಡಿನಲ್ಲಿ ಎದ್ದಿತು, ಹಬ್‌ಗೆ ನಿಮಿಷಗಳು ಬೇಕಾದವು. ಮಲಗುವ ಕೋಣೆಯ ಜಿಗ್‌ಬೀ ಬಲ್ಬು ಕರೆಂಟ್ ಬಂದೊಡನೆ ಪೂರ್ತಿ ಬೆಳಕಿನಲ್ಲಿ ಹತ್ತಿತು. ನಡುರಾತ್ರಿ ಹೀಗಾದರೆ ಎಲ್ಲರೂ ಎದ್ದು ಕೂರಬೇಕು. ಅದರ ಪವರ್-ಆನ್ ಆಯ್ಕೆಯನ್ನು ಆಫ್ ಮಾಡಿದೆ. ಸದ್ದಿಲ್ಲದೆ ಸತ್ತುಹೋಗುವ ಬ್ಯಾಟರಿ ಸೆನ್ಸರ್‌ಗಳಿಗೆ ಬೇರೆ ನಿಗಾ ಇದೆ: ಒಂದು ದಿನ ಸುದ್ದಿ ಬರದಿದ್ದರೆ ನನ್ನ ಫೋನಿಗೆ ತಿಳಿಸುತ್ತದೆ, ಅಪ್ಪನ ಕೋಣೆಯಲ್ಲಿ ಏನೂ ಮಿನುಗುವುದಿಲ್ಲ.

ಈಗ ಉಳಿದಿರುವ ಕೆಲಸ ಅಪ್ಪನೇ ಕೇಳಿದ್ದು. ಮಾತ್ರೆಯ ಶಕ್ತಿ ಯಾವಾಗ ಇಳಿಯಿತು ಅಂತ ವೈದ್ಯರು ಪ್ರತಿ ಸಲ ಕೇಳುತ್ತಾರೆ, ಅರ್ಧರ್ಧ ಗಂಟೆಯ ಮನೆಗಳಿರುವ ಒಂದು ಕಾಗದ ತುಂಬಲು ಕೊಡುತ್ತಾರೆ. ಕೈ ಬಿಗಿದಾಗಲೇ ಅದನ್ನು ತುಂಬಬೇಕು, ಕೈ ಬಿಗಿದಾಗ ಪೆನ್ನು ಹಿಡಿಯಲಾಗದು. ಮಾತ್ರೆ ಪೆಟ್ಟಿಗೆ ಪಕ್ಕದಲ್ಲಿ ಇನ್ನೆರಡು ದೊಡ್ಡ ಬಟನ್ ಬರಲಿವೆ, "ಇಳೀತು" ಅನ್ನಲು ನೀಲಿ, "ಹತ್ತಿತು" ಅನ್ನಲು ಬಿಳಿ. ಒತ್ತಿದ ಹೊತ್ತು ಮತ್ತು ಮುಚ್ಚಳ ತೆರೆದ ಹೊತ್ತು ಮಾತ್ರ ದಾಖಲಾಗುತ್ತವೆ, ಅಪ್ಪ ಹೇಳಿದಾಗ ಆ ಹಾಳೆ ಪ್ರಿಂಟ್ ಆಗುತ್ತದೆ. ಬಟನ್‌ಗಳು ಬಂದಿವೆ, ಮುಂಗೈ ಪಟ್ಟಿಗೆ ಮರ ಕೊಯ್ಯಬೇಕು. ಒಂದೂವರೆ ಸೆಕೆಂಡಿನ ಅಂಕಿ ಇಲ್ಲಿ ಸಾಲದು ಅಂತ ಕಾಣುತ್ತದೆ, ಮೈ ಬಿಗಿದ ಹೊತ್ತಿನಲ್ಲೇ ಕೂತು ಹೊಸದಾಗಿ ಹೊಂದಿಸಬೇಕು.